ಬೆಣ್ಣೆ ಮೆತ್ತಿದ ಬ್ಯಾಟರಿ

ಡಿಸೆಂಬರ್ ಹದಿನೆಂಟು, ಗುರುವಾರ ಬೆಳಗ್ಗೆ ಎಂಟೂವರೆ. ಹೊಳೆನರಸೀಪುರದ ಮೇಲೆ ಹೇಮಾವತಿಯ ಮಂಜು ಹಾಸಿತ್ತು. ಬಟ್ಟೆ ವ್ಯಾಪಾರಿ ಚಂದ್ರಶೇಖರಯ್ಯನವರು ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಮೊದಲು ಕಂಡಿದ್ದು ಅವರ ವಿಭೂತಿ, ಆಮೇಲೆ ಅವರು. ಧನುರ್ಮಾಸದ ಮೈಕಿನಿಂದ ನಸುಕಿನಲ್ಲೇ ನಿದ್ದೆಗೆಟ್ಟಿದ್ದ ಇನ್ಸ್‌ಪೆಕ್ಟರ್ ಕಾಂತರಾಜುವಿಗೆ ದೂರು ಅರ್ಧಕ್ಕೆ ನಿಂತ ಕನಸಿನ ಮುಂದಿನ ಭಾಗದಂತೆ ಕೇಳಿಸಿತು.

"ನಮ್ಮನೆ ಇನ್ವರ್ಟರಿಗೆ ಎರಡು ಹೊಸ ಬ್ಯಾಟರಿ ಹಾಕ್ಸಿದ್ದೆ ಸಾ. ಯಾರೋ ಒಂದನ್ನ ಎತ್ಕೊಂಡೋಗಿ, ಆ ಜಾಗಕ್ಕೆ ಹಳೇದು ಇಟ್ಟವ್ರೆ. ನೆನ್ನೆ ಅದು ಕುದ್ದು ಉಕ್ಕಿ, ನಮ್ಮನೆಯೋಳು ಗಂಗಾಂಬಿಕೆ ಕಾಲು ಸುಟ್ಟೋಯ್ತು."

"ಕದ್ದು, ಬದಲಿ ಬೇರೆ ಇಟ್ನಾ?"

"ಮರ್ಯಾದಸ್ತ ಕಳ್ಳ ಬಿಡಿ ಸಾ," ಎಂದ ಹೆಡ್ ಕಾನ್‌ಸ್ಟೆಬಲ್ ಚೆನ್ನಯ್ಯ.

ಎಫ್‌ಐಆರ್ ದಾಖಲಾಯಿತು. ಒಂಬತ್ತೂವರೆಗೆ ವ್ಯಾಪಾರಿಯ ಮನೆಯ ಜಗುಲಿಯಲ್ಲಿ ಪಂಚನಾಮೆ. ಬ್ಯಾಟರಿ ಅಂಗಡಿಯ ಧರ್ಮೇಂದ್ರನನ್ನೂ ಕರೆಸಿದ್ದರು. ಹಳೆಯ ಬ್ಯಾಟರಿಯ ತಂತಿ ಕಟ್ಟುವ ಮೊಳೆಗಳಿಗೆ ಬೆಳ್ಳಗೆ ಏನೋ ಮೆತ್ತಿತ್ತು. ಕಾಂತರಾಜು ಕಡ್ಡಿಯಲ್ಲಿ ಕೆರೆದು ಮೂಸಿದ. ಬೆಣ್ಣೆ! ಅದರೊಳಗೆ ಸಣ್ಣಗೆ ಪಚ್ಚಕರ್ಪೂರದ ಪರಿಮಳ.

"ತುಕ್ಕು ಹಿಡೀದಿರ್ಲಿ ಅಂತ ಗ್ರೀಸ್ ಹಚ್ತಾರೆ ಸಾ," ಎಂದ ಧರ್ಮೇಂದ್ರ. "ಬೆಣ್ಣೆ ಹಚ್ಚಿದ್ದನ್ನ ನಾನು ಇದೇ ಮೊದ್ಲು ನೋಡಿದ್ದು."

"ಬೆಣ್ಣೆ ಕದ್ದೋನ್ ಕತೆ ಕೇಳಿವ್ನಿ. ಬೆಣ್ಣೆ ಮೆತ್ತಿ ಕದ್ದೋನು ಇವ್ನೇ ಮೊದ್ಲು," ಎಂದು ಚೆನ್ನಯ್ಯ ನಕ್ಕ.

ಕಾಂತರಾಜು ನಗಲಿಲ್ಲ. ಆ ಪರಿಮಳ ಅವನಿಗೆ ಗೊತ್ತಿತ್ತು. ಅಗ್ರಹಾರದ ಕೃಷ್ಣನ ಗುಡಿಯಲ್ಲಿ ಅಲಂಕಾರದ ಮರುದಿನ ಹಂಚುವ ಬೆಣ್ಣೆಯದು.

"ಈ ವಾರ ಮನೆಗೆ ಯಾರ್ ಬಂದಿದ್ರು?"

"ಧನುರ್ಮಾಸ ಬರೋಕ್ ಮುಂಚೆ ಮುಗೀಲಿ ಅಂತ ಭಾನುವಾರ ಮಾಳಿಗೆಗೆ ವಾಸ್ತುಹೋಮ ಮಾಡಿಸ್ದೋ. ಕೃಷ್ಣನ ಗುಡಿ ಆತ್ರೇಯನೋರು ಬಂದಿದ್ರು. ಓಗೋವಾಗ ಹೋಮದ ಇಟ್ಟಿಗೆ ಚೀಲ ಭಾರ ಐತೆ ಅಂತ ನಾನೇ ಒಂದು ಕೈ ಕೊಟ್ಟು ಆಟೋಗೆ ಹಾಕ್ದೆ." ಮಾತು ಮುಗಿಸಿದ ವ್ಯಾಪಾರಿಯ ಬಾಯಿ ತೆರೆದೇ ಇತ್ತು.

ಧರ್ಮೇಂದ್ರನಿಗೆ ಬೇರೆಯೇ ದಿಗಿಲು. "ಸಾ, ಹಳೇದು ಹೊಸದು ಜೊತೆಗೆ ಕಟ್ಬಾರ್ದು. ಮುದಿ ಎತ್ತು, ಹೋರಿ ಒಂದೇ ನೊಗಕ್ಕೆ ಹೂಡ್ದಂಗೆ. ಹಳೇದು ಬೇಗ ತುಂಬ್ಬುಡುತ್ತೆ. ಹೊಸದು ತುಂಬೋಗಂಟ ಕರೆಂಟು ಅದರೊಳಗೂ ಹರೀತಾನೇ ಇರುತ್ತೆ. ಕುದೀತದೆ, ಗ್ಯಾಸ್ ಬಿಡುತ್ತೆ. ಈ ಮನೆ ಹೊಸದನ್ನ ಅವ್ರು ತಮ್ಮ ಇನ್ನೊಂದು ಹಳೇದರ ಜೊತೆ ಕಟ್ಟಿದ್ರೆ ಅಲ್ಲೂ ಇದೇ ಗತಿ. ಒಂದು ಕಿಡಿ ಸಾಕು."

ಅರ್ಚಕರ ಮನೆ. ಅಲ್ಲಿ ದೀಪ ಉರಿಯದ ಹೊತ್ತುಂಟೇ? ಕಾಂತರಾಜುವಿನ ನಿದ್ದೆ ಹಾರಿಹೋಯಿತು. ಈಗ ಕಳ್ಳನನ್ನು ಹಿಡಿಯುವುದಕ್ಕಿಂತ ಉಳಿಸುವುದು ಮುಖ್ಯವಾಗಿತ್ತು.

ಮಂಜಿನಲ್ಲಿ ಅಗ್ರಹಾರದ ಮನೆಗಳೆಲ್ಲ ಕರಗಿಹೋಗಿದ್ದವು, ಒಂದನ್ನು ಬಿಟ್ಟು. ಆ ಮನೆಯ ಮೂಲೆ ಮೂಲೆಗೂ ಬಲ್ಬು. ಹಗಲು ಹತ್ತಕ್ಕೆ ಅಲ್ಲಿ ಯಾರೋ ದೀಪಾವಳಿ ಇಟ್ಟುಕೊಂಡಿದ್ದಾರೆ ಎನ್ನಿಸಿತು. ಆ ಬೆಳಕಿನ ನಡುವೆ ಅರ್ಚಕರ ಹೆಂಡತಿ ರಂಜನಿ ಹೂ ಕಟ್ಟುತ್ತಿದ್ದಳು. ಮೊಟ್ಟೆ ಎಂದೂ ಹೊಸ್ತಿಲು ದಾಟದ ಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ.

ಬ್ಯಾಟರಿಗಳಿದ್ದದ್ದು ದೇವರ ಗೂಡಿನ ಕೆಳಗೆ, ಗೂಡಿನಲ್ಲಿ ನಂದಾದೀಪ. ಧರ್ಮೇಂದ್ರ ಹೊರಗಿನ ಮೀಟರ್ ಬೋರ್ಡಿನಲ್ಲೇ ಮೇನ್ ಇಳಿಸಿದ. ಬೂಟು ಬಿಚ್ಚಲು ಪುರುಸೊತ್ತಿಲ್ಲದ ಕಾಂತರಾಜು ಮನಸ್ಸಿನಲ್ಲೇ ತಪ್ಪುಕಾಣಿಕೆ ಹೇಳಿಕೊಂಡು ದೀಪವನ್ನು ಅಂಗಳಕ್ಕೆ ಒಯ್ದ. ಚೆನ್ನಯ್ಯ ಕಿಟಕಿಗಳನ್ನೆಲ್ಲ ತೆರೆದ. ವಾಸನೆ ಕಡಿಮೆಯಾದ ಮೇಲೆ ಧರ್ಮೇಂದ್ರ ಇನ್ವರ್ಟರ್ ಆರಿಸಿದ.

ಬಲ್ಬುಗಳು ಹೋದವು. ಉಳಿದವರಿಗೆ ಅದು ಮಂಜಿನ ಹಗಲು. ರಂಜನಿಯ ಕೈ ಮಾತ್ರ ಗಾಳಿಯಲ್ಲಿ ತಡಕಾಡಿತು.

"ರೀ, ಇದೀರಾ?"

ಆತ್ರೇಯ ಅವಳೆದುರಿಗೇ ನಿಂತಿದ್ದರು.

"ಇವಳ ಕಣ್ಣು ಮಸುಕಾಗ್ತಾ ಬಂದಿದೆ," ಎಂದರು. "ಬೆಳಕು ಸುರಿದರೆ ಮಾತ್ರ ನನ್ನ ಮುಖದ ಆಕಾರ ಕಾಣುತ್ತೆ. ಈ ಚಳಿಗಾಲ ಕಳೆದರೆ ಅದೂ ಇಲ್ಲ ಅಂದಿದ್ದಾರೆ ಹಾಸನದ ಡಾಕ್ಟರು. ಕರೆಂಟು ಹೋದಾಗೆಲ್ಲ ಹೀಗೇ ಕೇಳ್ತಾಳೆ."

"ಹಳೇ ಬ್ಯಾಟರಿ ಯಾಕೆ ಇಟ್ರಿ?"

"ಹೋಮದ ಹಿಂದಿನ ದಿನ ಇಟ್ಟಿಗೆ ಜೊತೆ ತಂದಿಟ್ಟಿದ್ದೆ. ಅವರ ಮನೆ ಕತ್ತಲಾಗಬಾರದಲ್ಲ."

"ಗಂಗಾಂಬಿಕೆಯವರ ಕಾಲು ಸುಟ್ಟಿದೆ."

ಆತ್ರೇಯ ಹೆಂಡತಿಯ ಪಕ್ಕ ಕುಳಿತರು. ರಂಜನಿ ಕಟ್ಟುತ್ತಿದ್ದ ಹೂವನ್ನು ಮಡಿಲಿನಿಂದ ಪಕ್ಕಕ್ಕೆ ಸರಿಸಿದಳು. "ನನಗೋಸ್ಕರ ಕದ್ದೆ ಅಂತ ಗಂಗಾಂಬಿಕೆಯವರ ಹತ್ರ ಹೇಳ್ಬೇಡಿ ರೀ," ಎಂದಳು. ಆದರೂ ಕಾನೂನು ಕಾನೂನೇ.

ಎಲ್ಲರೂ ಅಂಗಳಕ್ಕೆ ಬಂದರು. ಚೆನ್ನಯ್ಯ ಪೆನ್ನು ತೆಗೆದ. "ದಸ್ತಗಿರಿ ಟೈಮು ಏನ್ ಬರೀಲಿ ಸಾ?"

ಕಾಂತರಾಜು ಆಕಾಶ ನೋಡಿದ. "ಮಂಜು ಕರಗಿ ಬಿಸಿಲು ಬರ್ಲಿ. ಆಮೇಲೆ ಗಡಿಯಾರ ನೋಡಿ ಬರೀರಿ."

ಅವರು ಕಾದರು. ಹೊಳೆಯ ಕಡೆಯಿಂದ ಮೆಲ್ಲಗೆ ಬಿಸಿಲು ಬಂದು ಅಂಗಳ ತುಂಬಿತು. ರಂಜನಿ ಗಂಡನ ಗಲ್ಲ ಹಿಡಿದು, ಮುಖವನ್ನು ಬಿಸಿಲಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಗಡ್ಡ ಬಿಟ್ಟಿದೀರಿ," ಎಂದಳು. "ಬೆಳ್ಳಗಾಗಿದೆ."

ಚೆನ್ನಯ್ಯ ಬರೆದುಕೊಂಡ: ಹನ್ನೊಂದು ಗಂಟೆ ಹತ್ತು ನಿಮಿಷ.