ಅವನು ಕುಡಿದಿರಲಿಲ್ಲ

"ಬೆಳಬೆಳಗ್ಗೆನೇ ಏರಿಸ್ಕೊಂಡು ಬಂದವ್ನೆ ನೋಡ್ಲಾ!"

ಕನಕಪುರ ಬಸ್ ನಿಲ್ದಾಣದಲ್ಲಿ ಯಾರೋ ನಕ್ಕರು. ಬಸ್ಸಿನಿಂದ ಇಳಿಯುತ್ತಲೇ ಮುಗ್ಗರಿಸಿದವನು, ಪಾಠ ಮಾಡಲು ಕಾಲೇಜಿಗೆ ಹೊರಟಿದ್ದ ಹೇಮಶ್ರೀಯ ಕಾಲ ಬಳಿಯೇ ಬಿದ್ದಿದ್ದ. ಎತ್ತಲು ಬಗ್ಗಿದವಳು ಅವನ ಮುಖ ಕಂಡಳು.

ರುದ್ರಪ್ರಸಾದ್!

ಎರಡು ವರ್ಷದ ಹಿಂದೆ, ಮಾಗಡಿಯ ಛತ್ರದಲ್ಲಿ ಇವರಿಬ್ಬರ ನಿಶ್ಚಿತಾರ್ಥದ ದಿನ ಇವನು ಹೀಗೇ ತೂರಾಡಿದ್ದ. ಮಾತು ತೊದಲಿತ್ತು. ಬಿಡದಿಯ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಹುಡುಗ, ಅವಳು ಮನಸಾರೆ ಮೆಚ್ಚಿದ್ದ ಹುಡುಗ... ಅವಳ ಅಪ್ಪ ಗವಿಸಿದ್ದಯ್ಯ ಕೆಂಡಾಮಂಡಲವಾಗಿದ್ದರು. ನಾಚಿಕೆಯಿಂದ ಬೆಂದುಹೋಗಿದ್ದ ಅವಳೂ ಎಲ್ಲರೆದುರು ಕೂಗಿದ್ದಳು.

"ಈ ಕುಡುಕನ ಜೊತೆ ನಾನು ಬಾಳಲ್ಲ!"

ಅವನು ತೂರಾಡುತ್ತಲೇ ಹೊರಟುಹೋಗಿದ್ದ.

ಈಗ ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು. ಕುಡಿದ ವಾಸನೆಯೇ ಇರಲಿಲ್ಲ!

'ಹಾಗಾದರೆ ಅಂದು...?'

ಬೆಂಚಿನ ಮೇಲೆ ಕೂರಿಸಿ ಕೇಳಿದಳು. "ಏನಾಗಿದೆ ನಿಮಗೆ? ನಿಜ ಹೇಳಿ."

"ಮಿದುಳಿನ ಕಾಯಿಲೆ ಹೇಮಾ. ನರದ ಎಳೆಗಳ ಮೇಲೆ ಮೈಲಿನ್ ಅಂತ ಪೊರೆ ಇರ್ತದಲ್ಲಾ, ಅದು ಅಲ್ಲಲ್ಲಿ ಕಿತ್ತೋಗೈತೆ. ಕಾಲು ಹೇಳ್ದಂಗೆ ಕೇಳಲ್ಲ. ಒಂದೊಂದ್ಸಲ ನಾಲಿಗೇನೂ."

"ಆ ಪೊರೆ ಮತ್ತೆ ಬೆಳೆಯಲ್ವಾ?"

"ರಿಪೇರಿ ಮಾಡೋ ಜೀವಕೋಶ ಅವಂತೆ. ಅವಕ್ಕೆ ಶಕ್ತಿ ಕೊಡೋ ಮೈಟೊಕಾಂಡ್ರಿಯಾನೇ ಸೋತೋದ್ರೆ ಕೆಲಸ ಅರ್ಧಕ್ಕೇ ನಿಂತೋಗುತ್ತೆ ಅಂದ್ರು ಡಾಕ್ಟ್ರು. ಹೊಸ ಪೆಟ್ಟು ಬೀಳದಂಗೆ ಔಷಧಿ ಕೊಡ್ತಾವ್ರೆ. ಹೋಗಿರೋದನ್ನ ಸರಿ ಮಾಡಕ್ಕೆ... ಇನ್ನೂ ಹುಡುಕ್ತಾವ್ರಂತೆ."

ಮೈಟೊಕಾಂಡ್ರಿಯಾ! ಜೀವಶಾಸ್ತ್ರದ ಮೇಡಂ ಆಗಿ ಪ್ರತಿವರ್ಷ ಬೋರ್ಡಿನ ಮೇಲೆ ಅದರ ಚಿತ್ರ ಬರೆಯುತ್ತಿದ್ದಳು. 'ಜೀವಕೋಶದ ಶಕ್ತಿ ಕೇಂದ್ರ' ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದಳು. ಅದು ಸೋತರೆ ತನ್ನವನ ನಡಿಗೆಯೇ ಹೋಗಬಹುದೆಂದು ಎಂದೂ ಹೊಳೆದಿರಲಿಲ್ಲ.

"ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತು ನಂಗೂ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ... ಕುಡುಕನ್ನ ಮರೆಯೋದು ಸುಲಭ ಕಣೇ. ಕಾಯಿಲೆಯವನು ಅಂದಿದ್ರೆ ನೀನು ಬುಟ್ಟೋಗ್ತಿರ್ಲಿಲ್ಲ."

ಹೇಮಶ್ರೀಗೆ ತಡೆಯಲಾಗಲಿಲ್ಲ. ಸುತ್ತ ಜನರಿದ್ದಾರೆಂಬುದನ್ನೂ ಮರೆತು ಬಿಕ್ಕಿದಳು.

"ಮರೆಯೋಕೆ ಆಗಿದ್ರೆ ತಾನೇ! ಎಷ್ಟು ಗಂಡು ಬಂದ್ರೂ ಒಲ್ಲೆ ಅಂದಿದ್ದು ಯಾಕೆ ಅಂದ್ಕೊಂಡ್ರಿ? ನಿಮ್ಮನ್ನ ಬೈಕೊಂಡೇ ಪ್ರೀತಿಸ್ತಾ ಇದ್ದೆ..."

"ಬ್ಯಾಡ ಹೇಮಾ. ನಾಳೆ ನಾನು ಕೂತಲ್ಲೇ ಕೂತಿರ್ಬೇಕಾಗ್ಬೋದು."

ಅವಳು ಅವನ ಎಡಗೈಯನ್ನು ತನ್ನೆರಡೂ ಕೈಗಳಲ್ಲಿ ಒತ್ತಿ ಹಿಡಿದಳು. ಅವನು ಮುಖ ಆಚೆ ತಿರುಗಿಸಿದ.

"ಈ ಕೈಗೆ ಮುಟ್ಟಿದ್ದೇ ತಿಳಿಯಲ್ಲ. ನೀನು ಹಿಡ್ಕೊಂಡಿದ್ದೀಯ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ತಿರುಗಿ ನೋಡಿ," ಎಂದಳು. "ಪಕ್ಕದಲ್ಲೇ ಇರ್ತೀನಿ."