ಕಪ್ಪು ಹೊಲದ ಮೇಲೆ ಬಿಳುಪು

ರಾಜಶ್ರೀ ಸಿಂಧನೂರಿನ ಭತ್ತದ ಗೋದಾಮಿನ ಬಾಗಿಲು ತೆಗೆದು ಹೊಸ್ತಿಲಲ್ಲೇ ನಿಂತಳು. ಸಂಜೆಗೆ ಪ್ರದರ್ಶನ. ಗೋಡೆಯುದ್ದದ ಚಿತ್ರದಲ್ಲಿ ಕಪ್ಪು ಹೊಲದ ತುಂಬ ಬೆಳ್ಳಗೆ ಏನೋ ಹರಡಿತ್ತು!

ಧಾರವಾಡದ ಈ ಚಿತ್ರಗಾರ್ತಿಯೂ ಇಲ್ಲಿಯ ಮಣ್ಣುವಿಜ್ಞಾನಿ ಗುರುಬಸವನೂ ಕೂಡಿ ಎರಡು ವರ್ಷ ದುಡಿದ ಕೆಲಸವದು. ಮಸ್ಕಿ, ಲಿಂಗಸುಗೂರು ಕಡೆಯ ಹೊಲಗಳಿಂದ ಅವನು ಮಣ್ಣು ತಂದು, ತೊಳೆದು, ಸೋಸಿ ಕೊಡುವುದು. ಅವಳು ಅದನ್ನೇ ಬಣ್ಣವಾಗಿ ಬಳಿಯುವುದು. ಪ್ರದರ್ಶನ ಮುಗಿದರೆ ಅವಳು ಧಾರವಾಡಕ್ಕೆ ವಾಪಸ್ಸು.

ಅವಳು ಫೋನ್ ಮಾಡಿದ ಮೇಲೆ ಗುರುಬಸವ ಬಂದ, ಪೊಲೀಸ್ ಠಾಣೆಯಿಂದ ಪಿಎಸ್‌ಐ ದುರ್ಗಾದೇವಿ ಬಂದರು.

"ಕೀಲಿ ಯಾರ್ಯಾರ ಹತ್ರ ಅದಾವ್ರೀ?"

"ನನ್ನ ಹತ್ರ ಒಂದು, ವಾಚ್‌ಮನ್ ಮಹಮ್ಮದಸಾಬನ ಹತ್ರ ಒಂದು. ಅವನss ಸುಣ್ಣ ಎರಚ್ಯಾನ್ರೀ!"

ಹೊರಗೆ ಮಹಮ್ಮದಸಾಬನ ಸುಣ್ಣದ ಬಕೆಟ್ಟು ಕೂತಿತ್ತು. ಇನ್ನೇನು ಬೇಕು? ಭತ್ತದ ಚೀಲ ಇಡುವಲ್ಲಿ ಕೆಸರು ಬಳಿಯುತ್ತಾರೆಂದು ದಿನಾ ಗೊಣಗುತ್ತಿದ್ದವನು ಬೇರೆ.

"ಅಲ್ಲಾನ ಆಣಿ, ಮೇಡಂ! ಗೊಣಗೀನಿ, ಖರೆ. ಮುಟ್ಟಿಲ್ರೀ!"

ಗುರುಬಸವ ಮೆಲ್ಲಗೆ ಹೇಳಿದ, "ಪ್ರದರ್ಶನ ಮುಂದಕ್ಕ ಹಾಕೂಣ್ರೀ. ಮತ್ತ ಬಳದ್ರಾತು."

ಸದ್ಯ ಇವನೊಬ್ಬನಾದರೂ ಜೊತೆಗಿದ್ದಾನಲ್ಲ ಎನ್ನಿಸಿತು ರಾಜಶ್ರೀಗೆ.

ದುರ್ಗಾದೇವಿ ಬಗ್ಗಿ ನೆಲ ನೋಡಿದರು. ಬಿಳುಪನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟರು—ಮುಖ ಕಿವಿಚಿದರು.

"ಉಪ್ಪು!"

"ಉಪ್ಪೇನ್ರೀ?"

"ಎರಚಿದ್ರ ಕೆಳಗ ಒಂದ್ ಹನಿಯಾದ್ರೂ ಬೀಳತಿತ್ತು. ನೆಲ ನೋಡ್ರಿ, ಸ್ವಚ್ಛ ಐತಿ. ಇದು ಒಳಗಿಂದ ಎದ್ದೈತಿ. ಸವಳು ಮಣ್ಣು ಒಣಗಿದ್ರ ಉಪ್ಪು ಮ್ಯಾಲ ಬರ್ತೈತಿ, ನಮ್ಮ ಹೊಲದಾಗೂ ಹಿಂಗ. ಕಪ್ಪು ಮಣ್ಣು ಯಾವಾಗ ಬಳದೀರಿ?"

"ಮೊನ್ನೆ. ಕಡೀಗೆ ಬಳದದ್ದು ಅದss."

"ಮಣ್ಣು ತೊಳದು ಉಪ್ಪು ತಗಿಯೋರು ಯಾರು?"

ರಾಜಶ್ರೀ ತಿರುಗಿ ನೋಡಿದಳು. ತೊಳೆಯದ ಮಣ್ಣನ್ನು ಒಂದು ಸಲವೂ ಕೊಟ್ಟವನಲ್ಲ ಗುರುಬಸವ.

"ಮರತಿದ್ರೇನ್ರೀ, ಸರ?" ದುರ್ಗಾದೇವಿ ಅವನನ್ನು ಕೇಳಿದರು.

"ಮರತಿಲ್ರೀ." ಅವನು ರಾಜಶ್ರೀಯತ್ತ ಕೈ ಮಾಡಿದ. "ಬೇಕಂತಲೇ ತೊಳೀಲಿಲ್ಲ. ಚಿತ್ರ ಮುಗದ್ರ ಇವರು ಹೊಂಟು ಹೋಗ್ತಾರ. ಆಮ್ಯಾಲ ಲ್ಯಾಬಿನ್ಯಾಗ ನಾನು, ನನ್ನ ಮಣ್ಣಿನ ಡಬ್ಬಿ. ಮಾತಾಡಾಕ ಯಾರದಾರ್ರೀ?"

ರಾಜಶ್ರೀಗೆ ಉಕ್ಕಿದ ಸಿಟ್ಟು ಅಳುವಾಯಿತು. ಧಾರವಾಡದಲ್ಲಿ ತನಗೂ ಯಾರು ಕಾದಿದ್ದಾರೆ?

"ಎರಡು ವರ್ಷ ಬರೇ ಮಣ್ಣಿನ ಮಾತಾಡೀರಿ," ಎಂದಳು. "'ಹೋಗಬ್ಯಾಡ್ರಿ' ಅಂತ ಒಂದು ಮಾತು ಅನ್ನಾಕ ಆಗಲಿಲ್ಲೇನು? ಅದನ್ನ ಕೇಳಾಕಂತ ಕಾದೀನಿ, ನಾನು."

"ಈಗ ಅನ್ನಲೇನ್ರೀ?"

"ಈಗ ಬ್ಯಾಡ್ರಿ. ಈಗ ನಂಬಾಕ ಆಗೂದಿಲ್ಲ."

ಮಹಮ್ಮದಸಾಬನಿಗೆ ಕೈಮುಗಿದು, ತಪ್ಪಾಯಿತೆಂದು ಹೇಳಿ, ರಾಜಶ್ರೀ ಬಸ್‌ಸ್ಟ್ಯಾಂಡಿಗೆ ಆಟೊ ಹತ್ತಿದಳು.