ನೂರಾ ಮಲಗಿರುವ ತಿರುವು

ಹಸ್ನಾ ಸುಣ್ಣದ ಗೆರೆಯ ಮೇಲೆ ಮರಳು ಎಳೆದು ಮುಚ್ಚಿದಳು. ಆಮೇಲೆ ಡಬ್ಬಿಯಿಂದ ಹೊಸ ಸುಣ್ಣ ಉದುರಿಸಿ, ಗೆರೆಯನ್ನು ಒಳಕ್ಕೆ ಬಾಗಿಸಿದಳು. ಈಗ ಅದು ನೂರಾಳನ್ನು ಹೂತ ಜಾಗವನ್ನು ಮುಟ್ಟುತ್ತಿರಲಿಲ್ಲ.

ನೂರಾ ಬೂದು ಬಣ್ಣದ ಹೆಣ್ಣು ಕುದುರೆ. ಅರಬ್ ನಾಡಿನ ಅಸ್ಕರ್ ಎಂಬ ಊರಿನ ಹತ್ತಿರದ ಹಳ್ಳಿಯ ಈ ಕುದುರೆ ಮೈದಾನದಲ್ಲಿ ಹಸ್ನಾಳ ತಂದೆ ಇಬ್ರಾಹಿಂ, ಅವಳ ಉಪ್ಪ, ಅದನ್ನು ನೋಡಿಕೊಳ್ಳುತ್ತಿದ್ದರು. ಹಸ್ನಾ ಖರ್ಜೂರ ಕೊಟ್ಟರೆ ಅದು ತಿಂದು, ಬೀಜವನ್ನು ಅವಳ ಅಂಗೈಗೇ ಉಗುಳುತ್ತಿತ್ತು. ಚಳಿಗಾಲದಲ್ಲಿ ಒಂದು ದಿನ ಅವಳು ಸ್ಕೂಲಿನಿಂದ ಬರುವಷ್ಟರಲ್ಲಿ ನೂರಾ ಇರಲಿಲ್ಲ. ಕಾಯಿಲೆಯಿಂದ ಸತ್ತಿತು ಎಂದು ಉಪ್ಪ ಹೇಳಿದ್ದರು.

ಮೈದಾನ ದೊಡ್ಡದು ಮಾಡಲು ಸರ್ಕಾರ ಹಣ ಕೊಟ್ಟ ಸುದ್ದಿ ಬಂದಾಗ ಹಳ್ಳಿಯವರು ಹಲ್ವ ಹಂಚಿದ್ದರು. ಹಸ್ನಾ ಎರಡು ಸಲ ಕೇಳಿ ತಿಂದಿದ್ದಳು. ಈ ಸುಣ್ಣದ ಗೆರೆಯವರೆಗೂ ಅಗಲವಾಗುವ ಹೊಸ ಓಟದ ದಾರಿ ನೂರಾಳ ಮೇಲೆಯೇ ಹೋಗುತ್ತದೆಂದು ಆಗ ಗೊತ್ತಿರಲಿಲ್ಲ.

ಉಪ್ಪ ಮತ್ತು ಅವರ ಜೊತೆ ಕೆಲಸ ಮಾಡುವ ಮಸೂದ್ ಚಾಚಾ ಬಂದರು. ಚಾಚಾ ಗೆರೆ ನೋಡಿ ನಕ್ಕರು. ಇದನ್ನು ಎಳೆದದ್ದು ನಾವೋ, ಒಂಟೆಯೋ ಎಂದು ಹಿಂದಿಯಲ್ಲಿ ಕೇಳಿದರು. ಉಪ್ಪ ನಗಲಿಲ್ಲ. ಹಸ್ನಾಳ ಫ್ರಾಕಿನ ಅಂಚು ಬೆಳ್ಳಗಾಗಿತ್ತು.

"ನೂರಾನ ಮೇಲೆ ಜೇಸಿಬಿ ಓಡಿಸ್ತೀರಾ ಉಪ್ಪಾ?"

ಆಳಕ್ಕೆ ಹೂತಿದ್ದೇವೆ, ಅಷ್ಟು ಕೆಳಗೆ ಅಗೆಯುವುದಿಲ್ಲ ಎಂದರು ಉಪ್ಪ.

"ಆದ್ರೂ ಬೇರೆ ಕುದುರೆಗಳೆಲ್ಲ ಅದರ ಮೇಲೇ ಓಡೂದಲ್ವಾ?"

ಉಪ್ಪ ಅವಳ ಪಕ್ಕ ಮರಳಿನಲ್ಲಿ ಕುಳಿತರು.

"ನೂರಾಗೆ ಕಾಯಿಲೆ ಇರ್ಲಿಲ್ಲ. ಇದೇ ತಿರುವಿನಲ್ಲಿ ಅದರ ಕಾಲು ಮುರಿದದ್ದು."

ಇಲ್ಲಿ ದಾರಿ ಕಿರಿದು. ಓಟದಲ್ಲಿ ಪಕ್ಕದ ಕುದುರೆ ತಾಗಿ, ನೂರಾ ಕಬ್ಬಿಣದ ಬೇಲಿಗೆ ಬಡಿದಿತ್ತು. ಡಾಕ್ಟರ್ ನೋಡಿ, ನೋವು ಮುಗಿಸುವ ಇಂಜೆಕ್ಷನ್ ಕೊಟ್ಟಿದ್ದರು. ಅದಾದ ಮೇಲೆಯೇ ಹಳ್ಳಿಯವರು ದಾರಿ ಅಗಲ ಮಾಡಿಕೊಡಿ ಎಂದು ಸರ್ಕಾರವನ್ನು ಕೇಳಿದ್ದು.

"ನೀವು ಸುಳ್ಳು ಹೇಳಿದ್ರಿ."

"ಹೌದು. ನಿಂಗೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ ಮಗಳೇ."

ಹಸ್ನಾ ತಾನು ಬಾಗಿಸಿದ ಗೆರೆಯನ್ನು ನೋಡಿದಳು. ಅಲ್ಲಿ ದಾರಿ ಮೊದಲಿನಷ್ಟೇ ಕಿರಿದಾಗಿತ್ತು.

ಮಸೂದ್ ಚಾಚಾ ಮೈದಾನದ ನಡುವಿನ ಗೂಟಕ್ಕೆ ಉದ್ದದ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ತಂದರು. ಹಗ್ಗವನ್ನು ಬಿಗಿಯಾಗಿ ಹಿಡಿದು ಸುತ್ತ ನಡೆದರೆ ತಿರುವು ಸರಿಯಾಗಿ ಬರುತ್ತದೆ. ಆ ತುದಿಯನ್ನು ಹಸ್ನಾ ತಾನೇ ಕೇಳಿ ತೆಗೆದುಕೊಂಡಳು. ಉಪ್ಪ ಸುಣ್ಣ ಉದುರಿಸುತ್ತಾ ಹಿಂದೆ ಬಂದರು.

ನೂರಾಳನ್ನು ಹೂತ ಕಡೆ ಬಂದಾಗ ಅವಳು ಚಪ್ಪಲಿ ಕಳಚಿದಳು. ಕಣ್ಣು ಮಂಜಾಗಿ ಮುಂದಿನ ನೆಲ ಕಾಣಲಿಲ್ಲ. ಹಗ್ಗ ಸಡಿಲವಾಗಲು ಮಾತ್ರ ಬಿಡಲಿಲ್ಲ.